ಮುಚ್ಚಬಾರದ ತೂತು

ತಮಿಳುನಾಡಿನ ಕೊಂಬೈ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಮಣ್ಣಿನ ಕೆಳಗೆ ಯಾವ ಪೈಪು ಎಲ್ಲಿ ತಿರುಗುತ್ತದೆ ಎಂದು ನಮ್ಮ ಮನೆಯವರಾದ ವೇಲುಸಾಮಿಗೆ ಗೊತ್ತಿತ್ತು. ತೋಟದ ಒಡೆಯರಿಗೇ ಗೊತ್ತಿರುತ್ತಿರಲಿಲ್ಲ. ಹನಿ ನೀರಾವರಿಯ ಪೈಪು ಹಾಕುವುದು ಅವರ ಕೆಲಸ. ನಾನು ಅವರ ಹಿಂದೆ ನಡೆಯುವವಳು. ಅಳಿಲು ಕಡಿದ ತೂತು, ಗುದ್ದಲಿ ತಾಗಿದ ತೂತು, ಕಂಡಲ್ಲಿ ಕೂತು ಮುಚ್ಚುವುದು ನನ್ನ ಪಾಲು. ಅದಕ್ಕೆಂದೇ ಬೆರಳ ತುದಿಯಷ್ಟು ಕಪ್ಪು ಪ್ಲಾಸ್ಟಿಕ್ ಬಿರಡೆಗಳು ಬರುತ್ತವೆ. ಒಂದು ಹಿಡಿ ಯಾವಾಗಲೂ ನನ್ನ ಮಡಿಲಲ್ಲಿ ಇರುತ್ತಿತ್ತು. ಮೂವತ್ತೊಂದು ವರ್ಷ ಹೀಗೆ ನಡೆಯಿತು. ನೀರು ಪೋಲಾಗುವ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಮಡಿಲಿಗೆ ಹೋಗುತ್ತದೆ.

ಅವರ ಎದೆ ಕೆಟ್ಟಿತು. ತೋಟಕ್ಕೆ ಹೊಡೆಯುವ ಔಷಧಿಯ ನಡುವೆ ಇನ್ನು ನಿಲ್ಲಬಾರದು ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಕೂತ ಆ ಮೊದಲ ವರ್ಷದಲ್ಲೇ ಮದುರೈಯಿಂದ ಒಬ್ಬರು ಕರೆದರು. ಸತೀಶ್‌ಕುಮಾರ್ ಎಂದು ಹೆಸರು. ಅವರ ಮನೆಯಲ್ಲಿ ದೊಡ್ಡ ಗಾಜಿನ ತೊಟ್ಟಿ, ಅದರೊಳಗೆ ಸಮುದ್ರದ ನೀರು, ಹವಳ. ಕರೆಂಟು ಹೋದಾಗಲೆಲ್ಲ ಮನೆಯೆಲ್ಲ ನೀರಾಗುತ್ತಿತ್ತಂತೆ, ಯಾರ ಕೈಯಲ್ಲೂ ಸರಿಹೋಗಿರಲಿಲ್ಲ. ಇವರು ಒಂದು ದಿನದಲ್ಲಿ ಸರಿ ಮಾಡಿದರು. ಸತೀಶ್‌ಕುಮಾರ್ ಸಂತೋಷಪಟ್ಟು, ನೀವೂ ಒಂದು ತೊಟ್ಟಿ ಮಾಡಿ, ನನ್ನ ತೊಟ್ಟಿಯಲ್ಲೇ ಬೆಳೆದ ಹವಳದ ತುಂಡು ಕೊಡುತ್ತೇನೆ ಎಂದರಂತೆ.

ಅವತ್ತು ಬಸ್ಸಿಳಿದು ಬಂದ ಮನುಷ್ಯ ಊಟಕ್ಕೂ ಕೂರಲಿಲ್ಲ. ಕಲ್ಲಿನ ಮೇಲೆ ಹುಲ್ಲು ಗಾಳಿಗೆ ಆಡುವ ಹಾಗೆ ಆಡುತ್ತದೆ, ಆದರೆ ಅದು ಹುಲ್ಲಲ್ಲ, ಬಾಯಿರುವ ಜೀವ ಎಂದು ಹೇಳಿದ್ದನ್ನೇ ಹೇಳಿದರು. ನಾನು ಸಾರು ಆರುತ್ತದೆ ಎಂದೆ.

ಮರುದಿನ ನನ್ನ ರಂಗೋಲಿ ಪುಡಿಯ ಡಬ್ಬಿ ತೆಗೆದುಕೊಂಡು ನಡುಮನೆಯ ನೆಲದ ಮೇಲೆ ತೊಟ್ಟಿಯನ್ನೂ ಪೈಪನ್ನೂ ಇರುವಷ್ಟೇ ಅಳತೆಗೆ ಬರೆದರು. ಪಕ್ಕದ ಮನೆಯಲ್ಲಿರುವ ಅವರ ತಂಗಿ ದೈವಾನೈ ಬಂದು ಬಾಗಿಲಲ್ಲಿ ನಿಂತು ನೋಡಿ, “ಅಣ್ಣಯ್ಯ, ಕೋಲ ಹಾಕಕ್ಕೆ ಅತ್ಗೆ ಇಲ್ವಾ? ಅದೂ ಪುಳ್ಳಿಯಿಲ್ದ ಕೋಲ” ಎಂದಳು, ಚುಕ್ಕಿಯಿಡದ ರಂಗೋಲಿ ಎಂದು ಹಂಗಿಸಿ. ಅವರು ತಲೆಯೆತ್ತದೆ, ಪೈಪು ತಿರುಗಿಸುವ ಒಂದೊಂದು ಎಲ್ಬೋ ಪಂಪಿನ ಬಲವನ್ನು ತಿನ್ನುತ್ತದೆ, ಆರು ಇದ್ದದ್ದನ್ನು ಮೂರಕ್ಕೆ ತಂದಿದ್ದೇನೆ ನೋಡು ಎಂದು ಅವಳಿಗೇ ಪಾಠ ಹೇಳಿದರು. ಹನ್ನೊಂದು ದಿನ ನಾವೆಲ್ಲ ಆ ಗೆರೆಗಳನ್ನು ದಾಟಿಕೊಂಡು ಓಡಾಡಿದೆವು.

ಆಮೇಲೆ ನಾನು ಕಲಿತದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೇಲೆ ಗಾಜಿನ ತೊಟ್ಟಿ, ಕೆಳಗೆ ಬೆಂಚಿನಡಿ ಇನ್ನೊಂದು ಪೆಟ್ಟಿಗೆ. ಮೇಲಿನ ತೊಟ್ಟಿಯ ಮೂಲೆಯಲ್ಲಿ ಕೆರೆಗೆ ಕೋಡಿ ಇದ್ದಂತೆ ಒಂದು ತಗ್ಗು ಗೋಡೆ. ಕೋಡಿ ಬಿದ್ದ ನೀರು ಎರಡು ಪೈಪಿನ ಬಾಯಿಗೆ ಬರುತ್ತದೆ. ಒಂದು ಪೈಪು ನಿತ್ಯ ನೀರು ಇಳಿಸುತ್ತದೆ. ಇನ್ನೊಂದು ಸುಮ್ಮನೆ ಒಣಗಿ ನಿಂತಿರುತ್ತದೆ, ಮೊದಲನೆಯದು ಕಟ್ಟಿಕೊಂಡ ದಿನಕ್ಕೆ. ಕೆಳಗೆ ಸೋಸಿದ ನೀರನ್ನು ಪಂಪು ಮೇಲಕ್ಕೆತ್ತುತ್ತದೆ. ಮೇಲೆ ಬಂದ ಪೈಪು ಎರಡಾಗಿ ಒಡೆದು ಎರಡು ತುದಿಯಿಂದ ನೀರು ಬಿಡುತ್ತದೆ. ಎರಡೂ ನಡುವೆ ಗುದ್ದಿ ಸುತ್ತಬೇಕು. ನೀರು ನೇರ ಬಡಿದರೆ ಹವಳ ಮುದುಡುತ್ತದೆ, ನಿಂತರೆ ಕೊಳೆಯುತ್ತದೆ. ಆ ಎರಡು ಬಾಯಿಗಳನ್ನು ಅವರು ಆಳಕ್ಕೆ ಇಟ್ಟಿದ್ದರು, ಕೆಳಗಿನ ಕಲ್ಲಿಗೂ ಓಟ ಸಿಗಲಿ ಎಂದು. ಕರೆಂಟು ಹೋದರೆ ಅದೇ ಬಾಯಿಯಿಂದ ನೀರು ಹಿಂದಕ್ಕೆ ಇಳಿದು ಕೆಳಗಿನ ಪೆಟ್ಟಿಗೆ ತುಂಬಿ ಚೆಲ್ಲುತ್ತದೆ. ಅದಕ್ಕೆ ಪೈಪು ಒಡೆಯುವುದಕ್ಕೆ ಮೊದಲು, ನೀರಿನ ಮಟ್ಟದಲ್ಲಿ, ಒಂದು ತೂತು ಕೊರೆದಿದ್ದರು. ನೀರು ಸ್ವಲ್ಪ ಇಳಿದ ಕೂಡಲೇ ಆ ತೂತು ಗಾಳಿ ಕುಡಿಯುತ್ತದೆ, ಇಳಿಯುವುದು ನಿಲ್ಲುತ್ತದೆ. ಮದುರೈಯ ಮನೆಯಲ್ಲಿ ಅವರು ಮಾಡಿದ್ದೂ ಇಷ್ಟೇ.

ಇದನ್ನು ನೋಡಲು ಬಂದವರಿಗೆಲ್ಲ ಹೇಳಿದರು. ಹಾಲಿನವನಿಗೂ ಹೇಳಿದರು. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಬಂದವರಿಗೆ ಕಾಪಿ ಕಾಯಿಸುತ್ತಿದ್ದೆ.

ಒಂದೂವರೆ ವರ್ಷ ಅದು ಬೆಳೆಯಿತು. ನೇರಳೆ ಬೆರಳುಗಳಂಥದ್ದು ಒಂದು, ಹಸಿರು ಗುಂಡಿಗಳಂಥದ್ದು ಒಂದು, ಅವರು ಹೇಳಿದ್ದ ಹುಲ್ಲು. ಬಿಳಿ ಪಟ್ಟಿಯ ಕೆಂಪು ಮೀನು ಎರಡು. ಉಸಿರು ಸಾಲದೆ ಮಲಗಲಾಗದ ದಿನಗಳಲ್ಲಿ ಅವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆಗ ಎದೆಯ ಸೀಟಿ ಕಡಿಮೆಯಾಗುತ್ತಿತ್ತು. ನಾನು ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಅವರನ್ನು ತೇನಿಯ ಆಸ್ಪತ್ರೆಗೆ ಸೇರಿಸಿದೆವು. ದಿಂಡುಕ್ಕಲ್ಲಿಗೆ ಕೊಟ್ಟ ಮಗಳು ಜೆಯಂತಿ ಬಂದು ಜೊತೆಗಿದ್ದಳು. ನಾನು ಬೆಳಿಗ್ಗೆ ಅನ್ನ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೊಟ್ಟಿಗೆ ದಿನಾ ಎರಡು ಚೊಂಬು ಸಿಹಿನೀರು, ಮೀನಿಗೆ ಒಂದು ಚಿಟಿಕೆ ತಿನಿಸು, ಏನಾದರೂ ಆದರೆ ಸತೀಶ್‌ಕುಮಾರಿಗೆ ಫೋನು. ನನಗೆ ಹೇಳಿದ್ದು ಇಷ್ಟು.

ಮೂರನೇ ದಿನ ನೋಡಿದರೆ ಪೈಪಿನ ತೂತಿನಿಂದ ನೀರು ಸುರ್ ಎಂದು ಗಾಜಿಗೆ ಹಾರುತ್ತಿತ್ತು. ಗೋಡೆಯ ಮೇಲೆ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವರು ದಿನಾ ಒರೆಸುತ್ತಿದ್ದಾಗ ಸದ್ದಿಲ್ಲದೆ ಸೋರುತ್ತಿದ್ದ ತೂತು ಈಗ ಬಾಯಿಗೆ ಉಪ್ಪು ಕಟ್ಟಿ ಚಿಮ್ಮುತ್ತಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಈ ಮನುಷ್ಯ ಆಸ್ಪತ್ರೆಯಲ್ಲಿ, ಇಲ್ಲಿ ಪೈಪು ಒಡೆದಿದೆ ಎಂದುಕೊಂಡೆ. ಡಬ್ಬಿಯಲ್ಲಿ ಹಳೆಯ ಬಿರಡೆಗಳಿದ್ದವು. ಒಂದನ್ನು ಒತ್ತಿದೆ. ಅಳತೆ ಸರಿಯಾಗಿ ಕೂತಿತು. ಸದ್ದು ನಿಂತಿತು. ಸಮಾಧಾನವಾಯಿತು ಎಂದೇ ಹೇಳಬೇಕು.

ಅದರ ಮಾರನೆಯ ದಿನ ನಮ್ಮ ಕಡೆ ತಿಂಗಳಿಗೊಮ್ಮೆ ರಿಪೇರಿಗೆಂದು ಕರೆಂಟು ನಿಲ್ಲಿಸುವ ದಿನ. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ. ನಾನು ತೇನಿಯಲ್ಲಿದ್ದೆ. ಬಂದು ಬೀಗ ತೆಗೆದಾಗ ಉಪ್ಪುನೀರು ಹೊಸಿಲು ದಾಟಿ ಬೀದಿಗೆ ಬಂದಿತ್ತು. ತೊಟ್ಟಿ ಅರ್ಧ ಖಾಲಿ. ಮೇಲಿನ ಕಲ್ಲುಗಳೆಲ್ಲ ನೀರಿನಿಂದ ಹೊರಗೆ, ಅವುಗಳ ಮೇಲೆ ಹವಳ ಒದ್ದೆ ಬಟ್ಟೆಯಂತೆ ಜೋತಿತ್ತು. ಆಮೇಲೆ ಕರೆಂಟು ಬಂದು, ಕೆಳಗೆ ಉಳಿದಿದ್ದ ನೀರು ಮೇಲೇರಿ ಮುಗಿದು, ಪಂಪು ಒಣಗಿ ಓಡಿ ಸುಟ್ಟುಹೋಯಿತು. ಸತೀಶ್‌ಕುಮಾರಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಬಿರಡೆಯನ್ನು ನೋಡಿದ ಕೂಡಲೇ, ನಾನು ಮುಚ್ಚಿದ್ದರಿಂದಲೇ ನೀರು ಇಳಿದಿದೆ ಎಂದು ನನಗೆ ಅರ್ಥವಾಗಿತ್ತು, ಮಾನ ಅಡ್ಡ ಬಂತು. ಎರಡು ದಿನದಲ್ಲಿ ಮೀನುಗಳೂ ಹೋದವು. ಅವನ್ನು ಕರಿಬೇವಿನ ಬುಡದಲ್ಲಿ ಹೂತೆ.

ಆಸ್ಪತ್ರೆಯಲ್ಲಿ ಅವರು ಮೂಗಿನ ಕೊಳವೆ ಸರಿಸಿ ದಿನಾ ಒಂದೇ ಕೇಳುತ್ತಿದ್ದರು. ನನ್ನನ್ನು ಅವರು ಕರೆಯುವುದು ಪುಳ್ಳೆ, ಹುಡುಗಿ ಎಂದು; ಗಂಡನನ್ನು ನಾವು ಮಾಮಾ ಎನ್ನುತ್ತೇವೆ.

“ನೀರ್ ಓಡ್ತೈತಾ ಪುಳ್ಳೆ?”

“ಓಡ್ತೈತೆ ಮಾಮಾ.”

ಐದು ದಿನ ಇದನ್ನೇ ಹೇಳಿದೆ. ಜೆಯಂತಿ ನನ್ನ ಮುಖ ನೋಡಿ ಏನೋ ಊಹಿಸಿದಳು.

ಮನೆಗೆ ಕರೆತಂದಾಗ ಅವರು ಹೊಸಿಲಲ್ಲೇ ನಿಂತರು. ಪಂಪಿನ ಸದ್ದಿರಲಿಲ್ಲ, ವಾಸನೆ ಇತ್ತು. ಗೋಡೆ ಹಿಡಿದುಕೊಂಡು ತೊಟ್ಟಿಯ ಬಳಿ ಹೋದರು. ಕಂದಿದ ಕಲ್ಲುಗಳನ್ನು ನೋಡಿದರು. ಆಮೇಲೆ ಪೈಪಿನ ಮೇಲೆ ಬೆರಳಾಡಿಸಿ, ಬಿರಡೆ ಸಿಕ್ಕಿದ ಜಾಗದಲ್ಲಿ ಬೆರಳು ನಿಲ್ಲಿಸಿದರು.

“ನಿನ್ ಕೈ ತಾನೆ?”

ಹೂಂ ಎಂದೆ. ಬೈಯಲಿ ಎಂದು ಕಾದೆ. ಅವರು ಕುರ್ಚಿಯಲ್ಲಿ ಕೂತು ಉಸಿರು ಎಳೆದುಕೊಂಡರು.

“ಊರಿಗೆಲ್ಲ ಹೇಳ್ದೆ. ನಿನ್ಗೆ ಹೇಳ್ಲೇ ಇಲ್ವಲ್ಲ ನಾನು.”

ಅವರು ಬೈದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಎರಡು ದಿನ ಕಳೆದು, ಅದನ್ನು ಮತ್ತೆ ಕಟ್ಟಬೇಕು ಎಂದರು. ಒಂದು ಸಲ ಹವಳ ಅರಳಿದ್ದನ್ನು ನೋಡಿದರೆ ಸಾಕು ಎಂದರು. ಡಾಕ್ಟರು ಜೆಯಂತಿಯನ್ನು ಪಕ್ಕಕ್ಕೆ ಕರೆದು ಏನು ಹೇಳಿದ್ದರೋ ಅದು ಅವರಿಗೂ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಜೆಯಂತಿ ಹೊಸ ಪಂಪು ತಂದುಕೊಟ್ಟು ದಿಂಡುಕ್ಕಲ್ಲಿಗೆ ಹೋದಳು. ಅವರು ಮಂಚದ ಮೇಲೆ, ನಾನು ನೆಲದ ಮೇಲೆ. ಪೈಪು ಕೊಯ್ದವಳು ನಾನು, ಗೋಂದು ಹಚ್ಚಿದವಳು ನಾನು. ಪಂಪು ಬಿಚ್ಚುವ ಜಾಗದಲ್ಲಿ ತಿರುಪಿನ ಜೋಡಣೆ ಇಡು, ಇಲ್ಲದಿದ್ದರೆ ಪ್ರತಿಸಲ ಪೈಪು ಕೊಯ್ಯಬೇಕಾಗುತ್ತದೆ ಎಂದರು. ಒಂದೊಂದಕ್ಕೂ ಏಕೆ ಎಂದು ಹೇಳಿದರು. ನಾನು ಕೇಳಿದೆ. ತೂತು ಕೊರೆಯುವಾಗ ನಕ್ಕರು.

“ಊರ್ ತೂತೆಲ್ಲ ಮುಚ್ಚಿದ ಕೈಲಿ ಒಂದ್ ತೂತ್ ಕೊರಿ, ನೋಡಾಣ.”

ನೀರು ತುಂಬಿಸಿ ಉಪ್ಪು ಕರಗಿಸಿ ಪಂಪು ಹಾಕಿದೆ. ಈಗ ಕರೆಂಟು ತೆಗೆ ಎಂದರು. ತೆಗೆದೆ. ನೀರು ಇಳಿಯಿತು, ತೂತು ಗೊರಗೊರ ಎಂದು ಗಾಳಿ ಕುಡಿಯಿತು, ನಿಂತಿತು. ಕೆಳಗಿನ ಪೆಟ್ಟಿಗೆಯಲ್ಲಿ ಅಂಚಿಗೆ ಎರಡು ಬೆರಳು ಜಾಗ ಉಳಿದಿತ್ತು. ಅವರು ಕಣ್ಣು ಮುಚ್ಚಿಕೊಂಡೇ ಆ ಸದ್ದನ್ನು ಆಲಿಸಿದರು.

ಆದರೆ ಹವಳವನ್ನು ಕೂಡಲೇ ಬಿಡುವ ಹಾಗಿಲ್ಲ. ಕಲ್ಲಿನ ಮೇಲೆ ಸತ್ತದ್ದರ ವಿಷ ಮೊದಲು ನೀರಿನಿಂದ ಹೋಗಬೇಕು. ಸತೀಶ್‌ಕುಮಾರ್ ಫೋನಿನಲ್ಲಿ ಆರು ವಾರ ಎಂದರು. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಬಿಟ್ಟರೆ ಬಣ್ಣ ಬರುತ್ತದೆ. ಹಸಿರು ಬಂದರೆ ವಿಷ, ಹಳದಿ ಬಂದರೆ ಸರಿ. ಎರಡು ದಿನಕ್ಕೊಮ್ಮೆ ನಾನು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರಿಗೆ ತೋರಿಸುತ್ತಿದ್ದೆ. ಮೊದಲ ವಾರ ಅದು ಕಡು ಹಸಿರು. ಮೂರನೇ ವಾರ ಎಲೆ ಹಸಿರು. ಬೇಗ ಬಾ, ಬೇಗ ಬಾ ಎಂದು ನಾನು ಆ ನೀರಿಗೆ ಕೈ ಮುಗಿದಿದ್ದೇನೆ. ನಾಲ್ಕನೇ ವಾರದ ಒಂದು ಬೆಳಿಗ್ಗೆ ಬಣ್ಣ ಇನ್ನೂ ನಿಂಬೆಕಾಯಿಯಂತಿತ್ತು. ನಳಿಗೆಯನ್ನು ಅವರ ಕಣ್ಣಿನ ಹತ್ತಿರ ತಂದೆ.

“ಇನ್ನೂ ಹಸ್ರೈತೆ” ಎಂದರು. ಮಧ್ಯಾಹ್ನಕ್ಕೆ ಉಸಿರು ನಿಂತಿತು.

ಸಾವಿಗೆ ಬಂದವರು ಪಂಪಿನ ಸದ್ದು ಏನೆಂದು ಕೇಳಿದರು. ದೈವಾನೈ ನಿಲ್ಲಿಸಲು ಹೋದಳು. ಬೇಡ ಎಂದೆ. ಯಾಕೆ ಓಡಿಸುತ್ತೀರಿ, ಒಳಗೆ ಏನೂ ಇಲ್ಲವಲ್ಲ ಅತ್ಗೆ ಎಂದಳು. ಸಿಹಿನೀರು ಸುರಿಯುತ್ತ ಬಂದೆ, ಹನಿ ಬಿಡುತ್ತ ಬಂದೆ.

ಆರನೇ ವಾರ ಮದುರೈಯಿಂದ ಫೋನು ಬಂತು. ಸತೀಶ್‌ಕುಮಾರಿಗೆ ಯಾರೂ ತಿಳಿಸಿರಲಿಲ್ಲ. ನಮ್ಮ ಮನೆಮಾತು ಕನ್ನಡ ಅವರಿಗೆ ಬಾರದು, ತಮಿಳಿನಲ್ಲೇ ಕೇಳಿದರು. ಹವಳದ ತುಂಡುಗಳು ಸಿದ್ಧವಾಗಿವೆ, ನಾನೇ ತರುತ್ತೇನೆ, ನೀರು ಹೇಗಿದೆ ಅಮ್ಮಾ ಎಂದರು. ಅವತ್ತು ಬೆಳಿಗ್ಗೆ ನೋಡಿದ ನಳಿಗೆ ಕಿಟಕಿಯಲ್ಲೇ ಇತ್ತು. ಹಳದಿ ಬಂದಿದೆಯಪ್ಪಾ, ಚೆನ್ನಾಗಿ ಬಂದಿದೆ ಎಂದೆ. ಅವರು ಸಂತೋಷದಿಂದ, ಹಾಗಾದರೆ ಅಯ್ಯನವರಿಗೆ ಒಂದು ನಿಮಿಷ ಫೋನು ಕೊಡಿ ಎಂದರು.