ತಲೆಗೆ ಈರುಳ್ಳಿ, ಹೊಟ್ಟೆಗೆ ಗಂಜಿ

ಟೈಫಾಯಿಡ್ ಜ್ವರ ಬಿಟ್ಟ ಮೇಲೆ ನನ್ನ ಕೂದಲು ಉದುರತೊಡಗಿತು. ಬಾಚಿದರೆ ಹಿಡಿ ಹಿಡಿಯಾಗಿ ಬರುತ್ತಿತ್ತು. ನಡುನೆತ್ತಿ ಬೆಳ್ಳಗೆ ಕಂಡಾಗ ನಮ್ಮ ಅತ್ತೆ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಈರುಳ್ಳಿ ರಸ ಹಿಂಡಿದರು. ಅದಕ್ಕೆ ಮೆಂತ್ಯ ಅರೆದು ಹಾಕಿ, ಕೂದಲೆಣ್ಣೆಗೆ ಹಾಕುವ ಗರುಗದ ಸೊಪ್ಪು ಜಜ್ಜಿ ಕಲಸಿ, ಹುಳಿ ಬರಲೆಂದು ಮುಚ್ಚಿಟ್ಟರು. ಮುಚ್ಚಳ ತೆಗೆದಾಗ ನೊರೆ ಎದ್ದಿತ್ತು. ಇಲಿ ಸತ್ತ ನಾತ.

“ಮೂಗ್ ಮುಚ್ಕೊಂಡ್ ಕುಂತ್ಕೊ ಕಣವ್ವ. ನಾತಕ್ಕೆ ಯಾರೂ ಸತ್ತೋಗಕಿಲ್ಲ,” ಎನ್ನುತ್ತ ನೆತ್ತಿಗೆ ಮೆತ್ತಿದರು. ಲೋಳೆ ಕಿವಿಯ ಹಿಂದಿನಿಂದ ಇಳಿದು ರವಿಕೆಯೊಳಗೆ ಹರಿಯಿತು.

ಎಷ್ಟು ಶಾಂಪೂ ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ನಾನು ಮಳವಳ್ಳಿಯ ಶಾಲೆಯೊಂದರಲ್ಲಿ ಟೀಚರು. ನಮ್ಮೂರು ಕಿರುಗಾವಲಿನಿಂದ ಬಸ್ಸು ಹೊರಟು, ತಲೆ ಬೆವರಿದೊಡನೆ ನಾತ ಮತ್ತೆ ಎದ್ದಿತು. ಪಕ್ಕದಲ್ಲಿದ್ದ ಹೆಂಗಸು ಕಿಟಕಿ ತೆರೆದಳು, ಮೂಗಿಗೆ ಸೆರಗು ಹಿಡಿದಳು, ಕೊನೆಗೆ ಸೀಟು ಬಿಟ್ಟು ಎದ್ದು ನಿಂತಳು.

ನನಗೆ ಇದಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಬೇರೆ. ಬಚ್ಚಲ ತೂಬಿಗೆ ಸಿಕ್ಕಿಕೊಂಡ ನನ್ನ ಕೂದಲನ್ನು ಅತ್ತೆ ಹೆಕ್ಕಿ ಪ್ಲಾಸ್ಟಿಕ್ ಕವರಿನಲ್ಲಿ ಕೂಡಿಡುತ್ತಿದ್ದರು. ನೆಂಟರು ಬಂದರೆ ಕಾಫಿ ಲೋಟದ ಪಕ್ಕದಲ್ಲೇ ಬಿಚ್ಚುತ್ತಿದ್ದರು. “ನೋಡ್ರವ್ವ, ನಮ್ ಸೊಸೆ ತಲೆ ಎಂಗಾಗದೆ!” ಸೋಪಿನ ಜಿಡ್ಡು ಅಂಟಿದ ಆ ಉಂಡೆಯನ್ನು ಬಂದವರು ಎತ್ತಿ ನೋಡಿ, ಅದೇ ಬೆರಳಿನಿಂದ ಕೋಡುಬಳೆ ಮುರಿಯುತ್ತಿದ್ದರು.

ನೆತ್ತಿಯಲ್ಲಿ ಗುಳ್ಳೆ ಎದ್ದು ಕೀವು ಕಟ್ಟಿದಾಗ ಮಂಡ್ಯಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಬಗ್ಗಿ ನೋಡಿದ ಡಾಕ್ಟರಮ್ಮ ನಾತಕ್ಕೆ ತಟ್ಟನೆ ಹಿಂದೆ ಸರಿದರು. ಅತ್ತೆಯ ಮದ್ದಿನ ವಿಷಯ ಹೇಳಿದೆ.

“ಈರುಳ್ಳಿ, ಸೊಪ್ಪುಗಳಲ್ಲಿ ಕೂದಲಿಗೆ ಒಳ್ಳೇದು ಮಾಡೋ ಅಂಶ ಇದ್ರೂ ಇರಬಹುದು, ಗಟ್ಟಿಯಾಗಿ ಹೇಳೋಕಾಗಲ್ಲ. ಕೊಳೆಸಿ ಹಾಕಿದ್ರೆ ಮಾತ್ರ ಹೀಗೇ ಆಗೋದು. ಅದಿರ್ಲಿ, ಊಟ ಏನ್ ಮಾಡ್ತೀರಿ?”

ಗಂಜಿ, ಮಜ್ಜಿಗೆ ಎಂದೆ. ಜ್ವರ ಬಿಟ್ಟು ತಿಂಗಳುಗಳಾದರೂ ಪಥ್ಯದ ಹೆಸರಿನಲ್ಲಿ ಅತ್ತೆ ಮೊಟ್ಟೆ, ಬಾಡು, ಕಾಳಿನ ಸಾರು ಯಾವುದನ್ನೂ ಮುಟ್ಟಗೊಟ್ಟಿರಲಿಲ್ಲ.

“ಜ್ವರಕ್ಕೆ ಉದುರಿದ ಕೂದಲು ಸಾಮಾನ್ಯವಾಗಿ ತಾನಾಗೇ ಬರುತ್ತೆ. ಹೊಟ್ಟೆಗೇ ಏನೂ ಇಲ್ದಿದ್ರೆ ಎಲ್ಲಿಂದ ಬರಬೇಕಮ್ಮ?”

ಮನೆಗೆ ಬಂದವಳೇ ಪಾತ್ರೆಯಲ್ಲಿದ್ದ ಮದ್ದನ್ನೂ ಕವರಿನಲ್ಲಿದ್ದ ಕೂದಲನ್ನೂ ತಿಪ್ಪೆಗೆ ಸುರಿದೆ.

“ಯಾಕಮ್ಮಿ, ಮದ್ದು ಚೆಲ್ಬುಟ್ಟೆ?”

“ಸಾಕು ಕಣತ್ತೆ, ಅಸಹ್ಯ. ಇನ್ಮೇಲೆ ನನ್ ತಲೆ ಮುಟ್ಬೇಡಿ. ನಂಗೆ ಹೊಟ್ಟೆ ತುಂಬ ಊಟ ಬೇಕು.”

ಅತ್ತೆ ಮುಖ ಊದಿಸಿಕೊಂಡು ಒಳಗೆ ಹೋದರು. ಅಂದು ಮೊಟ್ಟೆ ಬೇಯಿಸಿ, ಹುರುಳಿಕಾಳಿನ ಸಾರು ಮಾಡಿ, ಮುದ್ದೆ ಮುರಿದು ತಿಂದೆ. ಗುಳ್ಳೆಗಳು ಡಾಕ್ಟರು ಕೊಟ್ಟ ಮುಲಾಮಿಗೆ ಒಣಗಿದವು. ನಿಧಾನಕ್ಕೆ ನೆತ್ತಿಯ ಮೇಲೆ ಎಳೆಗೂದಲು ಮೂಡಿತು.

ಆಮೇಲೊಂದು ದಿನ ಪಕ್ಕದ ಮನೆಯ ಬಾಣಂತಿ ತನಗೂ ಕೂದಲು ಉದುರುತ್ತಿದೆಯೆಂದು ಜಗಲಿಗೆ ಬಂದಳು. ಅತ್ತೆ ನನ್ನ ತಲೆ ತೋರಿಸಿ, “ಎಲ್ಲಾ ನನ್ ಮದ್ದಿಂದು ಕಣವ್ವ, ನಿಂಗೂ ಮಾಡ್ಕೊಡ್ತೀನಿ,” ಎಂದರು.

“ಮೊದ್ಲು ಡಾಕ್ಟರಿಗೆ ತೋರ್ಸು, ಚೆನ್ನಾಗ್ ಉಣ್ಣು,” ಎಂದೆ ನಾನು. ಅವಳು ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡಿ, ಮಗು ಅಳುತ್ತಿದೆಯೆಂದು ಎದ್ದು ಹೋದಳು.