ಸಿಗದ ಎಣ್ಣೆ ಟಿನ್ನು

ಮಲ್ಲಣ್ಣನವರು ನಗುವುದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಹೆದರುವುದನ್ನು ದಿನವೂ ನೋಡಿದ್ದೇನೆ. ಚಳ್ಳಕೆರೆಯಲ್ಲಿ ಅವರದು ಶೇಂಗಾ ಎಣ್ಣೆ ಗಿರಣಿ. ನಾನು ಅಲ್ಲಿ ಮ್ಯಾನೇಜರ್. ಲಾರಿ ಹೊತ್ತಿಗೆ ಸರಿಯಾಗಿ ಹೊರಡಬೇಕು ಎನ್ನುವವನು ನಾನು. ಅವರದು ಬೇರೆಯೇ ಪದ್ಧತಿ. ಅಂದಿನ ಎಣ್ಣೆಯಲ್ಲಿ ಗಿರಣಿಯಲ್ಲೇ ಮೆಣಸಿನಕಾಯಿ ಬಜ್ಜಿ ಕರಿದು, ತಾವು ತಿಂದು, ಹಮಾಲರಿಗೂ ತಿನ್ನಿಸಿದ ಮೇಲೆಯೇ ಲೋಡು.

"ಯಜಮಾನ್ರೆ, ಇವತ್ತೂ ಯಾರೂ ಸಾಯ್ಲಿಲ್ರಿ. ಲೋಡ್ ಮಾಡಾನಾ?" ಎಂದು ಹಮಾಲಿ ಓಬಣ್ಣ ಕಿಚಾಯಿಸುತ್ತಿದ್ದ.

"ಒಂದೀಟು ತಡಿಯಲೇ. ಗುರ್ತಿಲ್ಲದೋರ ಮನೆಗೆ ಹೋಗೋ ಎಣ್ಣೆ ಐತೆ."

ಒಂದು ದಿನ ರಿಪೇರಿಗೆ ಬಂದ ಮೆಕ್ಯಾನಿಕ್, ಯಂತ್ರದಿಂದ ತೆಗೆದ ಹಳೆಯ ಆಯಿಲನ್ನು ನಮ್ಮದೇ ಖಾಲಿ ಟಿನ್ನಿಗೆ ಸುರಿದು, ಚೆಲ್ಲದಿರಲೆಂದು ಮುಚ್ಚಳ ಒತ್ತಿ, ತುಂಬಿದ ಟಿನ್ನುಗಳ ಪಕ್ಕದಲ್ಲಿಟ್ಟು ಊಟಕ್ಕೆ ಹೋದ. ಬಂದು ನೋಡಿದರೆ ಅದಿಲ್ಲ. ಮೊಳಕಾಲ್ಮುರಿನ ಲೋಡು ಹೊರಟುಹೋಗಿತ್ತು.

ವ್ಯವಹಾರ ನೋಡಿಕೊಳ್ಳುತ್ತಿದ್ದ ಮಗ ಶಿವು, "ಅಪ್ಪಾಜಿ, ಕರ್ರಗಿರೋದನ್ನ ಯಾರು ಒಗ್ಗರಣೆಗೆ ಹಾಕ್ತಾರೆ? ಸುಮ್ನಿರ್ರಿ. ಬಾಯಿಬಿಟ್ರೆ ನಮ್ ಹೆಸ್ರು ಹೋಗ್ತೈತೆ" ಎಂದ.

"ಬಿಡಿ ಎಣ್ಣೆ ಮಾರೋನು ನೋಡ್ದಂಗೆ ಡ್ರಮ್ಮಿಗೆ ಸುರುದ್ರೆ?"

ಎನ್ನುತ್ತಲೇ ಮಲ್ಲಣ್ಣನವರು ಚಪ್ಪಲಿ ಮೆಟ್ಟಿದರು. ಅವರೂ ನಾನೂ ಕಾರು ಹತ್ತಿದೆವು. ಬಿ.ಜಿ. ಕೆರೆ ದಾಟುವವರೆಗೂ ಅವರದು ಫೋನಿನಲ್ಲಿ ಅಂಗಡಿಯವರಿಗೆಲ್ಲ ಒಂದೇ ಮಾತು: "ನಮ್ ಟಿನ್ ಒಡೀಬ್ಯಾಡ್ರಿ. ತಪ್ಪು ನಮ್ದು."

ಮೊಳಕಾಲ್ಮುರಿನ ಅಂಗಡಿಯವನೊಬ್ಬ, "ಇದೇಮಿ ಯಜಮಾನ್ರೆ, ನೀವೇ ಬಂದು ಹಿಂಗಂದ್ರೆ ನಾಳೆ ನಿಮ್ ಎಣ್ಣೆ ಯಾರು ಕೊಳ್ತಾರೆ?" ಎಂದು ನಕ್ಕ.

"ಕೊಳ್ಳದಿದ್ರೆ ಬ್ಯಾಡ. ತಿಂದೋರು ಬದುಕಿರ್ಬೇಕಲ್ಲಪ್ಪ."

ಸಿಕ್ಕ ಟಿನ್ನುಗಳನ್ನೆಲ್ಲ ವಾಪಸು ತಂದು ತೆರೆದೆವು. ಎಲ್ಲದರಲ್ಲೂ ಒಳ್ಳೆಯ ಎಣ್ಣೆಯೇ. ಒಂದು ಟಿನ್ನು ಮಾತ್ರ ಆಗಲೇ ಮಾರಾಟವಾಗಿತ್ತು. ಕೊಂಡವರು ಯಾರೆಂದು ಅಂಗಡಿಯವನಿಗೆ ನೆನಪಿಲ್ಲ. ಯಾರಿಗೂ ಏನಾಯಿತೆಂಬ ಸುದ್ದಿಯೂ ಬರಲಿಲ್ಲ. ಆ ಮೌನವೇ ಅವರನ್ನು ಹೆಚ್ಚು ಹೆದರಿಸಿತು. ಮೊಳಕಾಲ್ಮುರು ಕಡೆಯಿಂದ ಆಂಬುಲೆನ್ಸ್ ಸದ್ದು ಕೇಳಿದರೆ ತಿನ್ನುವ ತುತ್ತು ಬಿಟ್ಟು ಗೇಟಿಗೆ ಓಡುತ್ತಿದ್ದರು. ಬರಬರುತ್ತ ನಾನೂ ಅವರ ಹಿಂದೆ ಓಡತೊಡಗಿದೆ. ಅತ್ತ ಶಿವು ಹೇಳಿದಂತೆಯೇ ಮೊಳಕಾಲ್ಮುರಿನ ವ್ಯಾಪಾರ ಅರ್ಧಕ್ಕಿಳಿಯಿತು. ಅದರ ಬಗ್ಗೆ ಅವರು ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ ಶಿವು ಪಕ್ಕದಲ್ಲಿದ್ದ. ಅವರು ನನ್ನ ಕೈ ಹಿಡಿದು, "ಸಿಕ್ತೇನ್ರಿ?" ಎಂದರು.

"ಇಲ್ರಿ" ಎಂದೆ.

ಕೈ ಇನ್ನಷ್ಟು ಬಿಗಿಯಾಯಿತು. ಮರುದಿನ ಅವರಿರಲಿಲ್ಲ.

ಮಣ್ಣು ಮುಗಿಸಿ ಬರುವಾಗ ಶಿವು ಕೇಳಿದ: "ಸಿಕ್ತು ಅಂದಿದ್ರೆ ಅಪ್ಪಾಜಿ ನೆಮ್ಮದಿಯಾಗಿ ಹೋಗ್ತಿದ್ರಲ್ಲ, ಸರ್?"

"ಇಲ್ಲಪ್ಪ. 'ತಗಂಬರ್ರಿ, ನೋಡ್ತೀನಿ' ಅಂತಿದ್ರು."