ಸಮ ಪಂಕ್ತಿ ಹಾಕಿದ ಮೇಷ್ಟ್ರು

ಷಿಕಾಗೋದಿಂದ ಡೆಟ್ರಾಯಿಟ್ ತನಕ ಅಮೆರಿಕದ ಸಂವಿಧಾನ ಓದಿದೋರು ಲಕ್ಷ ಜನ ಇರಬಹುದು, ನನಗೇನು ಗೊತ್ತು. ಆದ್ರೆ ಅದನ್ನ ರೊಟ್ಟಿ ಹಿಟ್ಟಿನ ಹಾಗೆ ನಾದಿ, ಚಿಕ್ಕಂದಿನಲ್ಲೇ ಸ್ಲೇಟು ಕೆಳಗಿಟ್ಟ ನನ್ನಂಥ ಮುದುಕೀರ ಕೈಗೆ ಉಂಡೆ ಮಾಡಿ ಕೊಟ್ಟೋರು ಒಬ್ರೇ, ಷಿಕಾಗೋ ಹತ್ರದ ವುಡ್‌ರಿಡ್ಜಿನ ಸಂಗನಬಸಪ್ಪ ಮೇಷ್ಟ್ರು. ಇಲ್ಲಿನ ಹೈಸ್ಕೂಲಲ್ಲಿ ಅಮೆರಿಕನ್ ಹುಡುಗ್ರಿಗೆ ಅವರದೇ ಸರ್ಕಾರದ ಪಾಠ ಹೇಳಿ ರಿಟೈರ್ ಆದ ಬಾಗಲಕೋಟೆ ಕಡೆಯ ಮನುಷ್ಯ. ಈಗ ನಮ್ಮ ಹಿರಿಯರ ಕೂಟದ ಅಧ್ಯಕ್ಷರ ಕುರ್ಚಿಯಿಂದಾನೂ ಎದ್ದಿದಾರೆ. ಅವರ ಗೌರವಕ್ಕೆ ಅಂತ ಈ ಪುಸ್ತಕ ಮಾಡ್ತಿರೋ ಅಕ್ಷರಾ, "ನೂರುನ್ನೀಸಾ ಆಂಟಿ, ಅವರ ಬಗ್ಗೆ ನೀವೂ ಹೇಳಿ, ನೀವು ಮಾತಾಡೋ ಹಾಗೇ ಬರ್ಕೊತೀನಿ" ಅಂದ್ಲು. ಬರ್ಕೊ ಮಗಾ, ಪೇಪರ್ ಸಾಲ್ದೆ ಹೋದ್ರೆ ಗೋಡೆ ಮೇಲೆ ಬರಿ.

ನಾವು ಮಿಷಿಗನ್ ರಾಜ್ಯದ ಆನ್ ಆರ್ಬರ್ ಕಡೆ ಒಂಬತ್ತು ಜನ ಹೆಂಗಸರು. ಎಲ್ರೂ ಗಂಡಂದಿರನ್ನ ಮೇಲಕ್ಕೆ ಕಳಿಸಿಕೊಟ್ಟೋರು, ಒಬ್ಬಳಿಗೂ ಡ್ರೈವಿಂಗ್ ಬರಲ್ಲ. ಸಿಟಿಜನ್ ಆಗೋ ಪರೀಕ್ಷೆಗೆ ಕನ್ನಡದಲ್ಲಿ ಪಾಠ ಹೇಳೋರಿದಾರೆ ಅಂತ ಯಾರೋ ಹೇಳಿದ್ರು, ಫೋನ್ ಮಾಡಿದ್ವಿ. "ಬರ್ತೀನಿ" ಅಂದ್ರು. ಇನ್ನೂರೈವತ್ತು ಮೈಲಿ! ಎಮ್ಮೆ ಹಾರಿಹೋಗೋ ಅಂಥ ಹಿಮಗಾಳೀಲಿ ಡ್ರೈವ್ ಮಾಡ್ಕೊಂಡು ಬಂದ್ರು. ಬಂದಿದ್ದು ಒಂದು ಗಂಟೆ ಲೇಟು. ಮಿಷಿಗನ್ನಿನ ಗಡಿಯಾರ ಒಂದು ಗಂಟೆ ಮುಂದೆ ಅನ್ನೋದನ್ನ ಸರ್ಕಾರದ ಪಾಠ ಹೇಳೋ ಮೇಷ್ಟ್ರೇ ಮರೆತಿದ್ರು.

"ಏನ್ ಮೇಷ್ಟ್ರೇ, ನಮ್ಮ ರಾಜ್ಯ ನಿಮಗೆ ಲೆಕ್ಕಕ್ಕೇ ಇಲ್ವಾ?" ಅಂದೆ.

ಕೋಟು ಕೊಡವ್ತಾ ನಕ್ರು. "ತಪ್ಪಾತ್ರೀ ಅಕ್ಕಾರ. ಇವತ್ತಿನ ಪಾಠ ಅದಾ ಆಗ್ಲಿ. ಒಂದಾ ದೇಶ, ಗಡಿಯಾರ ಬ್ಯಾರೆ."

ಆಮೇಲೆ ಶುರು ಮಾಡಿದ್ರು ನೋಡಿ. ಪಾಸ್‌ಪೋರ್ಟ್ ದೇಶದ್ದು, ಡ್ರೈವಿಂಗ್ ಲೈಸನ್ಸ್ ರಾಜ್ಯದ್ದು, ಬಾಗಿಲ ಮುಂದಿನ ಕಸದ ಡಬ್ಬಿ ಊರಿನದು. ಒಬ್ಬರ ಅಡುಗೆಮನೇಲಿ ಇನ್ನೊಬ್ಬರು ಸೌಟು ಹಾಕೋ ಹಾಗಿಲ್ಲ. ಯಾವ ಪಾತ್ರೆ ಯಾರದು ಅಂತ ಜಗಳ ಆದ್ರೆ ಹೇಳೋಕೆ ಕೋರ್ಟು. ಇನ್ನೂರು ವರ್ಷದ ಮೇಲಾಯ್ತಂತೆ, ಫಿಲಡೆಲ್ಫಿಯಾದಲ್ಲಿ ಒಂದು ಬೇಸಿಗೆ ಪೂರ್ತಿ ಕಿಟಕಿ ಮುಚ್ಕೊಂಡು ಬೆವರು ಸುರಿಸ್ತಾ ಜಗಳ ಆಡಿದ್ರಂತೆ. ದೊಡ್ಡ ರಾಜ್ಯದೋರು ತಲೆ ಎಣಿಸಿ ಅಂದ್ರು, ಚಿಕ್ಕೋರು ಒಂದೊಂದು ರಾಜ್ಯಾನೂ ಒಂದೊಂದು ಮನೆ, ಮನೆ ಎಣಿಸಿ ಅಂದ್ರು. ಕೊನೆಗೆ ಎರಡನ್ನೂ ಎಣಿಸಿದ್ರು. ಒಂದು ಸಭೇಲಿ ಜನಕ್ಕೆ ತಕ್ಕಷ್ಟು ಸೀಟು. ಇನ್ನೊಂದರಲ್ಲಿ, ಅದೇ ಸೆನೆಟ್, ಅಂಗೈಯಷ್ಟು ರಾಜ್ಯಕ್ಕೂ ಎರಡು, ಆಕಾಶದಷ್ಟು ರಾಜ್ಯಕ್ಕೂ ಎರಡು. ಚಿಕ್ಕ ರಾಜ್ಯ ತಾನಾಗಿ ಒಪ್ಪದೆ ಅದರ ಸಮಪಾಲು ಕಿತ್ಕೊಳ್ಳೋ ಹಾಗಿಲ್ಲ ಅಂತ ಆವಾಗ್ಲೇ ಬರೆದಿಟ್ರಂತೆ. ನನ್ನ ಕೈಲಿದ್ದ ಚಹಾ ಆರಿ ಐಸ್ ಆಯ್ತು, ಕುಡಿಯೋದು ನೆನಪಾಗ್ಲಿಲ್ಲ.

ಆದ್ರೂ ಬಿಡ್ಲಿಲ್ಲ ನಾನು. "ಆ ಕೋಣೇಲಿ ಒಬ್ಬ ಹೆಂಗಸಾದ್ರೂ ಇದ್ಲಾ?"

"ಇರ್ಲಿಲ್ರೀ. ಮನುಷ್ಯಾರನ್ನ ಗುಲಾಮರನ್ನಾಗಿ ಇಟ್ಕೊಂಡವರೂ ಅಲ್ಲೇ ಕುಂತಿದ್ರು. ಆದ್ರ ತಿದ್ದಲಿಕ್ಕ ಒಂದ ಬಾಗಿಲಾ ಇಟ್ಟಿದ್ರು. ಆಮ್ಯಾಲಿನ ಮಂದಿ ಆ ಬಾಗಿಲಾ ಬಡದ ಬಡದ ಒಳಗ ಬಂದ್ರು."

ಒಂಬತ್ತು ಜನಾನೂ ಪಾಸ್ ಆದ್ವಿ. ನನ್ನ ಪರೀಕ್ಷೆ ಮಾಡಿದ ಅಧಿಕಾರಿ ನನ್ನ ಉತ್ತರ ಕೇಳಿ ಕುರ್ಚಿಯಿಂದ ಬೀಳೋದೊಂದು ಬಾಕಿ.

ಅಷ್ಟರಲ್ಲಿ ನಮ್ಮ ಒಂಬತ್ತು ಜನರ ಕೂಟಾನ ಷಿಕಾಗೋ ಕಡೆಯೋರ ಕೂಟದ ಜೊತೆ ಸೇರಿಸೋ ಮಾತು ಬಂತು. ನನಗೆ ವ್ಯಾನಿನ ಚಿಂತೆ. ನಮ್ಮ ಹತ್ರ ಇದ್ದಿದ್ದು ಒಂದು ಹಳೇ ವ್ಯಾನು, ಅದಕ್ಕೊಬ್ಬ ಡ್ರೈವರ್. ಶುಕ್ರವಾರ ಅದು ಬಂದ್ರೆ ನಾವು ಮನೆ ಬಿಟ್ಟು ಹೊರಗೆ ಹೋಗ್ತೀವಿ, ನಮಾಜಿಗೆ ಹೋಗೋರು ನಮಾಜಿಗೆ, ದೇವಸ್ಥಾನಕ್ಕೆ ಹೋಗೋರು ದೇವಸ್ಥಾನಕ್ಕೆ, ಆಮೇಲೆ ಎಲ್ಲ ಒಟ್ಟಿಗೆ ಊಟ. ವ್ಯಾನಿಲ್ದಿದ್ರೆ ವಾರ ಪೂರ್ತಿ ಕಿಟಕಿ ಕಾಯ್ಕೊಂಡು ಕೂರಬೇಕು. ಅಲ್ಲಿ ಮುನ್ನೂರು ಜನ, ಇಲ್ಲಿ ಒಂಬತ್ತು. ಕೈ ಎತ್ತಿಸಿದ್ರೆ ವ್ಯಾನು ಷಿಕಾಗೋ ಪಕ್ಕದ ನೇಪರ್‌ವಿಲ್ಲಿಗೆ.

ಮೇಷ್ಟ್ರು ಷಿಕಾಗೋ ಕಡೆಯೋರು, ಅಧ್ಯಕ್ಷ ಆಗೋರು ಅವರೇ. ಆದ್ರೂ ತಮ್ಮ ಕಡೆಯ ಬಲಾನ ತಾವೇ ಕಟ್ಟಿಹಾಕಿದ್ರು. ಸೇರಿದ ಕೂಟಕ್ಕೆ ಎರಡು ಸಮಿತಿ ಅಂತ ನಿಯಮ ಬರೆದ್ರು. ಒಂದರಲ್ಲಿ ತಲೆ ಎಣಿಕೆ. ಇನ್ನೊಂದರಲ್ಲಿ ಅವರ ಕಡೆ ಇಬ್ರು, ನಮ್ಮ ಕಡೆ ನಾನೂ ಸೇರಿ ಇಬ್ರು, ಅದಕ್ಕೆ ಸಮ ಪಂಕ್ತಿ ಅಂತ ಹೆಸರು. ಎರಡೂ ಕಡೆ ಪಾಸಾದ್ರೆ ಮಾತ್ರ ತೀರ್ಮಾನ. ನಮ್ಮ ಒಪ್ಪಿಗೆ ಇಲ್ದೆ ಸಮ ಪಂಕ್ತಿ ತೆಗೆಯೋ ಹಾಗಿಲ್ಲ. ಅಧ್ಯಕ್ಷರಿಗೆ ಎರಡೇ ಅವಧಿ. ಅವರ ಕಡೆಯ ಇಂಜಿನಿಯರ್ ಚಿದಂಬರ, "ಸಾರ್, ಒಂಬತ್ತು ಜನಕ್ಕೆ ಇದು ಅತಿಯಾಯ್ತು" ಅಂದ್ರು.

"ದೊಡ್ಡವ್ರಿಗೆ ಮಂದಿ ಐತ್ರೀ. ಸಣ್ಣವ್ರಿಗೆ ಬರದಿಟ್ಟ ಮಾತೊಂದಾ ಐತಿ" ಅಂದ್ರು ಮೇಷ್ಟ್ರು.

ಎರಡು ಅವಧಿ ಮುಗೀತು. ಸಭೇಲಿ ಎಲ್ರೂ ಗೋಳೋ ಅಂದ್ವಿ. ಚಿದಂಬರಾನೂ ಬೇಡಿಕೊಂಡ್ರು. ನಾನಂತೂ ಕುರ್ಚಿ ಹಿಡ್ಕೊಂಡೆ. "ಮೇಷ್ಟ್ರೇ, ಎದ್ರೆ ಈ ಕುರ್ಚೀನ ನಿಮ್ಮ ಬೆನ್ನಿಗೇ ಕಟ್ಟಿಬಿಡ್ತೀನಿ. ಎಲ್ರಿಗೂ ನೀವೇ ಬೇಕು, ಆಮೇಲೇನು ನಿಯಮ?"

"ಅಕ್ಕಾರ, ನನ್ನ ಮ್ಯಾಲ ಸಿಟ್ಟ ಬಂದ್ರ ನಿಯಮ ಯಾಕ ಬೇಕು, ನೀವಾ ಹೊರಗ ಹಾಕ್ತೀರಿ. ನಿಮಗ ಪ್ರೀತಿ ಉಕ್ಕಿದಾಗನ ಅದು ಬೇಕಾಗೂದು" ಅಂದು, ಕೋಟು ತಗೊಂಡು ಹೋಗಿ ಹಿಂದಿನ ಸಾಲಲ್ಲಿ ಕೂತ್ರು. ಈ ದೇಶದ ಮೊದಲನೇ ಪ್ರೆಸಿಡೆಂಟು ಯಾರೂ ಹೋಗು ಅನ್ನದೆ ಎರಡು ಅವಧಿ ಮುಗಿಸಿ ಮನೆಗೆ ಹೋದ್ರು ಅಂತ ಪಾಠದಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಆಗಿದ್ದು ಆವತ್ತು. ಕಣ್ಮುಂದೆ ಬೆಟ್ಟಾನೇ ಎದ್ದು ಪಕ್ಕಕ್ಕೆ ಸರಿದ ಹಾಗಾಯ್ತು.

ಚಿದಂಬರ ಅಧ್ಯಕ್ಷರಾದ್ರು. ಷಿಕಾಗೋದಲ್ಲಿ ನಡೆದ ಮೊದಲನೇ ಸಭೇಲೇ ವ್ಯಾನಿಗೆ ಕೈ ಹಾಕಿದ್ರು. "ಇಲ್ಲಿ ನಡೆಯೋಕಾಗದೋರು ಎಷ್ಟೋ ಜನ ಇದಾರೆ, ವ್ಯಾನು ಇಲ್ಲಿರೋದೇ ನ್ಯಾಯ. ಸಮ ಪಂಕ್ತಿ ಎಲ್ಲದಕ್ಕೂ ಅಡ್ಡ, ಅದನ್ನ ಮೊದಲು ತೆಗೆಯೋಣ." ಕೈಗಳು ಎದ್ವು ನೋಡಿ, ಸೂರ್ಯ ಕಾಣ್ಲಿಲ್ಲ. ನಾನು ತಿರುಗಿ ಮೇಷ್ಟ್ರನ್ನ ನೋಡಿದೆ. ಅವರು ಕಿತ್ತಳೆ ಹಣ್ಣು ಸುಲೀತಿದ್ರು. ನನ್ನ ಕಡೆ ಕಣ್ಣೂ ಎತ್ತಲ್ಲ!

ಎದ್ದೆ. "ಚಿದಂಬರ, ನಿಮ್ಮ ಕಡೆ ಮುನ್ನೂರಲ್ಲ, ಮೂರು ಕೋಟಿ ಕೈ ಎದ್ರೂ ಸರಿ. ನಮ್ಮ ಕಡೆ ಒಪ್ಪಿಗೆ ಇಲ್ಲ."

ಚಿದಂಬರ ಹಿಂದಕ್ಕೆ ನೋಡಿದ್ರು. "ಸಾರ್, ನೀವೇ ಹೇಳಿ."

"ನಾ ಈಗ ಏನೂ ಅಲ್ರೀ" ಅಂದ್ರು ಮೇಷ್ಟ್ರು. "ಅವ್ರು ಹೇಳಿದ್ರಲ್ಲ."

ಚಿದಂಬರ ನಿಯಮದ ಹಾಳೆ ನೋಡಿದ್ರು, ನನ್ನ ನೋಡಿದ್ರು. "ಆಯ್ತು ಆಂಟಿ. ವ್ಯಾನು ಅಲ್ಲೇ ಇರ್ಲಿ. ಇಲ್ಲಿಗೆ ಬೇರೆ ದಾರಿ ಹುಡುಕೋಣ" ಅಂದ್ರು. ಅಷ್ಟೇ. ಪೊಲೀಸ್ ಬರ್ಲಿಲ್ಲ, ಯಾರೂ ಕೂಗಾಡ್ಲಿಲ್ಲ. ಆಳೆತ್ತರದ ಗಂಡಸು, ಕೈಲಿ ಅಷ್ಟು ಜನ ಇಟ್ಕೊಂಡು, ಬರೆದಿಟ್ಟ ಒಂದು ಸಾಲಿಗೆ ತಲೆ ಬಾಗಿಸಿದ್ರು. ಈ ವಯಸ್ಸಿಗೆ ನಾನು ಕಂಡ ದೊಡ್ಡ ಕರಾಮತ್ತು ಅದೇ. ಮೇಷ್ಟ್ರು ಬಂದು ಅರ್ಧ ಕಿತ್ತಳೆ ನನ್ನ ಕೈಗಿಟ್ಟು ಹೋದ್ರು.

ಶುಕ್ರವಾರ ವ್ಯಾನು ಬಂತು. ಈಗ್ಲೂ ಬರ್ತಿದೆ.

ಮೇಷ್ಟ್ರೇ, ಈಗ ನಿಮಗೆ ಶಾಲೇನೂ ಇಲ್ಲ, ಕುರ್ಚೀನೂ ಇಲ್ಲ. ಬರೋ ಶುಕ್ರವಾರ ನಮ್ಮ ಊಟಕ್ಕೆ ಬನ್ನಿ, ಗಡಿಯಾರ ಒಂದು ಗಂಟೆ ಮುಂದಿಟ್ಕೊಂಡು ಬನ್ನಿ. ಹೊಸದಾಗಿ ಬಂದ ಇಬ್ರು ಮುದುಕೀರಿದಾರೆ, ಪಾಠ ಆಗ್ಬೇಕು. ಅಲ್ಲಾಹ್ ನಿಮಗೆ ಆರೋಗ್ಯ ಕೊಡ್ಲಿ. ಕುರ್ಚಿಗೆ ಎರಡೇ ಅವಧಿ, ಒಪ್ಪಿದೀವಿ. ನಿಮ್ಮ ಆಯುಸ್ಸಿಗೂ ಯಾರಾದ್ರೂ ಹಾಗೆ ಗೆರೆ ಎಳೆಯೋಕೆ ಬಂದ್ರೆ, ಈ ಒಂಬತ್ತು ಜನರ ಕಡೆಯಿಂದ ಒಪ್ಪಿಗೆ ಇಲ್ಲ ಅಂತ ಹೇಳಿಬಿಡಿ. ನಾವು ಒಪ್ಪದೆ ಅದು ಪಾಸಾಗಲ್ಲ.